ಪಂಜೆ ಮಾಸ್ತರರು ಮತ್ತು ಮಕ್ಕಳ ಓದು

'ನಾಗರಹಾವು' ಪದ್ಯವನ್ನು ಬಾಯಿಪಾಠ ಮಾಡಿದವರು ಈ ಸಂಚಿಕೆಯ ಓದುಗರಲ್ಲಿ ಅನೇಕರಿದ್ದಾರೆ. ಅದನ್ನು ಬರೆದ ಪಂಜೆ ಮಂಗೇಶರಾಯರು ನಮಗೆ ಕವಿಯಾಗಿ ಪರಿಚಿತರು. ಶಾಲೆಯ ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಾನು ನೆನೆಯಬಯಸುವುದು ಅವರೊಳಗಿನ ಮಾಸ್ತರರನ್ನು.

ಪಂಜೆಯವರು 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಪುಸ್ತಕದ್ದು ಕನ್ನಡ. ಕಷ್ಟಪಟ್ಟು ಓದಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಆಮೇಲೆ ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದರು, ಶಿಕ್ಷಕರ ತರಬೇತಿ ಶಾಲೆಯಲ್ಲಿ ಪಾಠ ಹೇಳಿದರು, ಮಡಿಕೇರಿಯ ಹೈಸ್ಕೂಲಿನ ಮುಖ್ಯೋಪಾಧ್ಯಾಯರೂ ಆದರು. ಇನ್‌ಸ್ಪೆಕ್ಟರ್ ಬಂದರೆಂದರೆ ಶಾಲೆಯೇ ನಡುಗುತ್ತಿದ್ದ ಕಾಲದಲ್ಲಿ ಇವರು ಮಕ್ಕಳ ನಡುವೆ ಕುಳಿತು ಕಥೆ ಹೇಳಿ, ಹಾಡಿ ನಗಿಸುತ್ತಿದ್ದರಂತೆ.

ಅಕ್ಷರ ಬಂದ ಮಾತ್ರಕ್ಕೆ ಓದು ಬರುವುದಿಲ್ಲ. ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲವನ್ನೂ ಒಪ್ಪಿಸುವ ಮಗುವೂ 'ಕಾ', 'ಗೆ' ಎಂದು ಬಿಡಿಬಿಡಿಯಾಗಿ ಉಸುರಿ ನಿಂತುಬಿಡಬಹುದು. ಎರಡೂ ಕೂಡಿ ಮನೆಯ ಮಾಡಿನ ಮೇಲೆ ಕೂಗುವ ಕಾಗೆ ಕಣ್ಣಿಗೆ ಕಟ್ಟಿದಾಗಲೇ ಅದು ಓದು. ಮಾತು ಮೊದಲು ಕಿವಿಗೆ ಪರಿಚಯವಾಗಿದ್ದರೆ ಕಣ್ಣಿನ ಕೆಲಸ ಹಗುರ.

ಪಂಜೆಯವರ ಮಕ್ಕಳ ಸಾಹಿತ್ಯ ಈ ದಾರಿಯಲ್ಲೇ ನಡೆಯುತ್ತದೆ. 'ಹೇನು ಸತ್ತು ಕಾಗೆ ಬಡವಾಯಿತು', 'ಸಿಗಡಿ ಯಾಕೆ ಒಣಗಲಿಲ್ಲ' ಸರಪಳಿ ಕಥೆಗಳು. ಒಂದು ಕೊಂಡಿಗೆ ಇನ್ನೊಂದು ಸೇರುತ್ತಾ ಹಳೆಯ ಮಾತೇ ಮತ್ತೆ ಮತ್ತೆ ಬರುತ್ತದೆ. ಮುಂದೇನು ಎಂದು ಮಗು ಮೊದಲೇ ಊಹಿಸುತ್ತದೆ, ಪುಟದಲ್ಲಿ ಅದೇ ಮಾತು ಸಿಕ್ಕಾಗ ಹಿಗ್ಗುತ್ತದೆ. ಅವರ ಪದ್ಯಗಳ ಪ್ರಾಸವೂ ಅಷ್ಟೇ. ಒಂದೇ ದನಿಯ ಪದಗಳನ್ನು ಕಿವಿ ತಾನಾಗಿ ಜೋಡಿಸಿಕೊಳ್ಳುತ್ತದೆ. ಇಂಥ ಪುಸ್ತಕಗಳು ಮಕ್ಕಳ ಕೈಗೆ ಸಿಗಲೆಂದೇ ಗೆಳೆಯರೊಡನೆ ಸೇರಿ 'ಬಾಲಸಾಹಿತ್ಯ ಮಂಡಲ' ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. ಆದರೂ ಅವರು ತಮಗೆ ಇಟ್ಟುಕೊಂಡಿದ್ದ ಕಾವ್ಯನಾಮ 'ಕವಿಶಿಷ್ಯ'. 1937ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಬರೆಯಲು ನನಗೊಂದು ಕಾರಣವಿದೆ. ಎಂಟನೆಯ ತರಗತಿಗೆ ಈ ಶಾಲೆಗೆ ಸೇರಿದಾಗ ನನಗೆ ಅಕ್ಷರ ಗೊತ್ತಿತ್ತು, ಓದು ಬರುತ್ತಿರಲಿಲ್ಲ. ನನ್ನ ಸರದಿ ಬಂದಾಗ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ನಮ್ಮ ಕನ್ನಡ ಮೇಷ್ಟ್ರು ಬೈಯಲಿಲ್ಲ. ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಕಾಗೆಯ ಕಥೆಯನ್ನು ಮೊದಲು ಬಾಯಲ್ಲಿ ಹೇಳಿದರು, ಆಮೇಲೆ ಪುಸ್ತಕ ಬಿಡಿಸಿ ಸಾಲಿನ ಕೆಳಗೆ ಬೆರಳಾಡಿಸಿದರು. ಚಿಕ್ಕ ಮಕ್ಕಳ ಕಥೆಯೆಂದು ನಾಚಿಕೆಯಾಗಿತ್ತು. ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಅವರ ಬೆರಳಿಗಿಂತ ನನ್ನ ಬಾಯಿ ಮುಂದಿತ್ತು. ಇಂಜಿನಿಯರಿಂಗ್ ಓದಿದ್ದು, ಇಂದು ಕಂಪ್ಯೂಟರಿನ ಮುಂದೆ ಕುಳಿತು ಅನ್ನ ತಿನ್ನುತ್ತಿರುವುದು ಎಲ್ಲಕ್ಕೂ ಆ ಸಂಜೆಗಳೇ ಮೊದಲು.

ಹಾಗೆ ತಲೆ ತಗ್ಗಿಸಿ ನಿಲ್ಲುವ ಮಕ್ಕಳು ಇಂದಿಗೂ ಇದ್ದಾರೆ. ಹಳೆಯ ವಿದ್ಯಾರ್ಥಿಗಳಾದ ನಾವು ಊರಿಗೆ ಬಂದಾಗ ಅಂಥ ಒಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಥೆ ಓದಿ ಹೇಳಿದರೆ, ಪಂಜೆಯವರ ಋಣವೂ ನಮ್ಮ ಮೇಷ್ಟ್ರ ಋಣವೂ ತುಸು ತೀರೀತು.