ಅವೆನ್ಯೂ ರಸ್ತೆಯ ಚರ್ಚಿಗೆ ಹೆಸರು ಕೊಟ್ಟ ಬೆಂಜಮಿನ್ ರೈಸ್ ಯಾರು?

ನಂದಗುಡಿ: ಹೋಲ್‌ಸೇಲ್ ಮಾಲು ತರೋಕೆ ಅಂತ ನಂದಗುಡಿ, ಹೊಸಕೋಟೆ ಕಡೆಯ ಅಂಗಡಿಯವರು ಚಿಕ್ಕಪೇಟೆ, ಅವೆನ್ಯೂ ರಸ್ತೆಗೆ ಹೋಗುವುದು ಇದ್ದದ್ದೇ. ಅವೆನ್ಯೂ ರಸ್ತೆಯ ಗಲಾಟೆ ನಡುವೆ ಕಲ್ಲಿನ ಕಂಬಗಳ ಹಳೇ ಚರ್ಚ್ ಒಂದಿದೆ. ಹೆಸರು ರೈಸ್ ಮೆಮೋರಿಯಲ್ ಚರ್ಚ್. ಅಕ್ಕಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಅದು ಬೆಂಜಮಿನ್ ರೈಸ್ ಎಂಬ ಪಾದ್ರಿಯ ನೆನಪಿಗೆ ಇಟ್ಟ ಹೆಸರು.

ಲಂಡನ್ ಮಿಶನರಿ ಸೊಸೈಟಿ ಕಳಿಸಿದ ರೈಸ್, ಹೆಂಡತಿಯ ಜೊತೆ ಬೆಂಗಳೂರಿಗೆ ಬಂದದ್ದು 1837ರಲ್ಲಿ. ಆಗಿನ್ನೂ ಇಪ್ಪತ್ತು ದಾಟಿದ ಹುಡುಗ. ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಬೆಂಗಳೂರಿಗೆ ರೈಲು ಬರೋದಕ್ಕೆ ಇನ್ನೂ 27 ವರ್ಷ ಬಾಕಿ. ದಂಡು ಬೇರೆ, ಪೇಟೆ ಬೇರೆ. ದಂಡಿನಲ್ಲಿ ಇಂಗ್ಲಿಷ್, ತಮಿಳು ನಡೆಯುತ್ತಿದ್ದವು. ರೈಸ್ ಹಿಡಿದದ್ದು ಪೇಟೆಯ ಕನ್ನಡವನ್ನು.

ಕನ್ನಡದಲ್ಲಿ ಬೈಬಲ್ ಆಗಲೇ ಇತ್ತು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ವರ್ಷಾನುಗಟ್ಟಲೆ ಕೂತು 1831ರ ಹೊತ್ತಿಗೆ ಪೂರ್ತಿ ಮಾಡಿದ್ದರು. ಮೊದಲ ಪ್ರಯತ್ನ ಅಂದಮೇಲೆ ತಿದ್ದೋದು ಬಹಳ ಇರುತ್ತೆ. ಆ ಪರಿಷ್ಕರಣೆಯಲ್ಲಿ ರೈಸ್ ಪಾಲು ದೊಡ್ಡದು.

ಇದು ಕಾಗುಣಿತ ತಿದ್ದುವ ಕೆಲಸ ಅಲ್ಲ. ಹಳೆ ಒಡಂಬಡಿಕೆಯ ಮೂಲ ಹೀಬ್ರೂ, ಹೊಸ ಒಡಂಬಡಿಕೆಯದ್ದು ಗ್ರೀಕ್. ಅಲ್ಲಿನ ಅರ್ಥ ಹಿಡಿದು, ಅದಕ್ಕೆ ಒಗ್ಗುವ ಕನ್ನಡದ ಮಾತು ಹುಡುಕಬೇಕು. ಸಂಸ್ಕೃತದ ಪದ ಹಾಕಿದರೆ ಗ್ರಂಥಕ್ಕೆ ತೂಕ ಬರುತ್ತೆ, ಆದರೆ ಸಂತೆಯಲ್ಲಿ ನಿಂತು ಕೇಳುವವನಿಗೆ ಅರ್ಥವಾಗಲ್ಲ. ತೀರಾ ಆಡುಮಾತು ಬಳಸಿದರೆ ಓದಿದವರು ನಗುತ್ತಾರೆ.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ಪಾಪ, ಪುಣ್ಯ, ಬಲಿ, ರಕ್ಷಣೆ ಎಲ್ಲವೂ ಕನ್ನಡದಲ್ಲಿ ಮೊದಲಿನಿಂದ ಇರುವ ಮಾತುಗಳೇ. ಪಾಪ ಅಂದ ಕೂಡಲೇ ಪೇಟೆಯ ಒಬ್ಬ ವ್ಯಾಪಾರಿಗೆ ಹಿಂದಿನ ಜನ್ಮದ ಕರ್ಮ ನೆನಪಾಗಬಹುದು. ಪಾದ್ರಿ ಹೇಳೋಕೆ ಹೊರಟದ್ದು ಅದಲ್ಲ. ಹಾಗಂತ ಯಾರಿಗೂ ಗೊತ್ತಿಲ್ಲದ ಹೊಸ ಪದ ಹಾಕಿದರೆ ಕೇಳುವವರೇ ಇರಲ್ಲ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಅವತ್ತಿನ ರೊಟ್ಟಿಗಾಗಿ ಬೇಡಿಕೆ ಇದೆ. ಮುದ್ದೆ ಉಣ್ಣುವ ಸೀಮೆಯಲ್ಲಿ ರೊಟ್ಟಿ ಯಾವಾಗಲೋ ಒಮ್ಮೆ ಮಾಡುವ ತಿಂಡಿ. ಈಗಿನ ಕನ್ನಡ ಚರ್ಚುಗಳ ಪ್ರಾರ್ಥನೆಯಲ್ಲಿ ಆ ಜಾಗದಲ್ಲಿ ಆಹಾರ ಎಂದಿದೆ. ಇಂಥ ಒಂದೊಂದು ಪದಕ್ಕೂ ಕೂತು ತಲೆ ಕೆಡಿಸಿಕೊಳ್ಳಬೇಕಿತ್ತು. ಇಷ್ಟಾದರೂ ಅದು ಕೊನೆಯ ಪ್ರತಿ ಆಗಲಿಲ್ಲ. ಮುಂದಿನ ಶತಮಾನದಲ್ಲಿ ಬಂದವರು ಮತ್ತೆ ತಿದ್ದಿದರು.

ರೈಸ್ ಬೈಬಲ್ಲಿಗಷ್ಟೇ ನಿಲ್ಲಲಿಲ್ಲ. ಅಂಕಗಣಿತ, ಭೂಗೋಳ, ಇತಿಹಾಸ, ಸಾಮಾನ್ಯ ಜ್ಞಾನದ ಪುಸ್ತಕಗಳನ್ನೂ ಕನ್ನಡದಲ್ಲಿ ತಂದರು. ಜನರನ್ನು ಕ್ರೈಸ್ತ ಧರ್ಮಕ್ಕೆ ತರುವುದು ಮಿಶನ್ನಿನ ಉದ್ದೇಶವಾಗಿತ್ತು, ಅದರಲ್ಲಿ ಮುಚ್ಚುಮರೆ ಇಲ್ಲ. ಅದಕ್ಕೇ ಮಿಶನ್ ಶಾಲೆ ಅಂದರೆ ಎಷ್ಟೋ ತಂದೆತಾಯಿಗೆ ಅನುಮಾನ. ಹೆಣ್ಣುಮಕ್ಕಳನ್ನು ಕಳಿಸೋದಂತೂ ದೂರದ ಮಾತು. ಅಂಥ ಕಾಲದಲ್ಲಿ, 1840ರ ದಶಕದ ಆರಂಭದಲ್ಲೇ, ರೈಸ್ ಅವರ ಹೆಂಡತಿ ಮತ್ತು ಅದೇ ಮಿಶನ್ನಿನ ಶ್ರೀಮತಿ ಸಿವೆಲ್ ಸೇರಿ ಬೆಂಗಳೂರಿನಲ್ಲಿ ಕನ್ನಡ ಹೆಣ್ಣುಮಕ್ಕಳಿಗೆ ಶಾಲೆ ನಡೆಸಿದರು. ಈ ಇಬ್ಬರು ಹೆಂಗಸರ ಹೆಸರಿನಲ್ಲಿ ಅವೆನ್ಯೂ ರಸ್ತೆಯಲ್ಲಿ ಏನೂ ಇಲ್ಲ.

ರೈಸ್ ದಂಪತಿ ಬಂದ ವರ್ಷವೇ, ಜುಲೈನಲ್ಲಿ, ಬೆಂಗಳೂರಿನಲ್ಲೇ ಒಂದು ಗಂಡುಮಗು ಹುಟ್ಟಿತು. ಅದೇ ಮುಂದೆ ಶಾಸನಗಳಿಂದ ಹೆಸರಾದ ಬಿ.ಎಲ್. ರೈಸ್. ಅಪ್ಪನ ಹಾಗೆ ಪಾದ್ರಿ ಆಗದೆ ಮೈಸೂರು ಸರ್ಕಾರದ ಶಿಕ್ಷಣ ಇಲಾಖೆ ಸೇರಿದರು. ಹೋಬಳಿಗೊಂದು ಶಾಲೆ ಇರಬೇಕು ಎಂಬ 1868ರ ಯೋಜನೆ ಅವರದ್ದೇ. ನಂದಗುಡಿಯಂಥ ಹೋಬಳಿಗಳನ್ನು ಲೆಕ್ಕಕ್ಕೆ ತಗೊಂಡ ಯೋಜನೆ ಅದು. ಹೊಸಕೋಟೆ ತಾಲೂಕಿನ ಕಲ್ಲುಗಳ ಬರಹವನ್ನೂ ಓದಿಸಿ, 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಇನ್ನೊಬ್ಬ ಮಗ ಇ.ಪಿ. ರೈಸ್ ಮಿಶನ್ ಕೆಲಸಕ್ಕೇ ಬಂದು, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅಪ್ಪನ ಜೀವನಚರಿತ್ರೆ ಬರೆದದ್ದೂ ಇವರೇ. ಅಪ್ಪನಿಗಿಂತ ಮಕ್ಕಳೇ ಹೆಚ್ಚು ಗೊತ್ತು ಜನಕ್ಕೆ.

ಬೆಂಜಮಿನ್ ರೈಸ್ ತೀರಿಕೊಂಡದ್ದು 1887ರಲ್ಲಿ. ಬೆಂಗಳೂರಿಗೆ ಬಂದು ಅಷ್ಟು ಹೊತ್ತಿಗೆ ಐವತ್ತು ವರ್ಷ ಆಗಿತ್ತು. ಪೇಟೆಯಲ್ಲಿ ಲಂಡನ್ ಮಿಶನ್ನಿನ ಕನ್ನಡ ಪ್ರಾರ್ಥನಾಲಯ ಎರಡು ಸಲ ಹಾಳಾಗಿ ಎರಡು ಸಲ ಎದ್ದಿತ್ತು. ಅದೇ ಜಾಗದಲ್ಲಿ 1913ರಿಂದ ಕಟ್ಟಿದ ಈಗಿನ ಚರ್ಚನ್ನು 1917ರ ಜನವರಿ 27ರಂದು ರೈಸ್ ಹೆಸರಿಗೆ ಅರ್ಪಿಸಿದರು. ಈಗ ಅದು ಸಿ.ಎಸ್.ಐ. ಸಭೆಗೆ ಸೇರಿದೆ.