ಕಡಲಾಚೆ ಕಲಿತು ಕನ್ನಡಕ್ಕೆ ನಿಂತ ಗೋಕಾಕರು

ಗುಡೂರಿನಂಥ ಊರುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತ ಮಕ್ಕಳಿಗೆ ಇಂಗ್ಲಿಷ್ ಎಂದರೆ ಒಳಗೊಳಗೇ ಅಳುಕು. ಪರದೇಶದ ವಿದ್ಯಾಭ್ಯಾಸದ ಮಾತು ಬಂದರೆ ಅದು ಡಾಕ್ಟರು, ಇಂಜಿನಿಯರುಗಳಿಗೆ ಸೇರಿದ್ದು, ಸಾಹಿತ್ಯ ಓದುವವರಿಗಲ್ಲ ಎಂದುಕೊಳ್ಳುತ್ತೇವೆ. ನಮ್ಮ ಉತ್ತರ ಕರ್ನಾಟಕದವರೇ ಆದ ವಿನಾಯಕ ಕೃಷ್ಣ ಗೋಕಾಕರ ಬದುಕು ಈ ಎರಡೂ ಅಳುಕುಗಳಿಗೆ ಉತ್ತರವಾಗಿದೆ.

ಗೋಕಾಕರು 1909ರ ಆಗಸ್ಟ್ 9ರಂದು ಸವಣೂರಿನಲ್ಲಿ ಜನಿಸಿದರು. ಅದು ಆಗ ನವಾಬರ ಸಂಸ್ಥಾನ. ಅಲ್ಲಿಯ ಮಜೀದ್ ಹೈಸ್ಕೂಲಿನಲ್ಲಿ ಓದಿ, ಧಾರವಾಡದ ಕರ್ನಾಟಕ ಕಾಲೇಜು ಸೇರಿದರು. ಮೊದಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಅವರನ್ನು ಕನ್ನಡದ ಕಡೆಗೆ ತಿರುಗಿಸಿದ್ದು ದ. ರಾ. ಬೇಂದ್ರೆಯವರ ಸಹವಾಸ. ‘ವಿನಾಯಕ’ ಅವರ ಕಾವ್ಯನಾಮವಾಯಿತು.

1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1936ರಲ್ಲಿ ಆ ಕಾಲೇಜನ್ನು ನಡೆಸುತ್ತಿದ್ದ ಡೆಕ್ಕನ್ ಎಜ್ಯುಕೇಶನ್ ಸೊಸಾಯಿಟಿ ಅವರನ್ನು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಕಳಿಸಿತು. ಐದು ವರ್ಷ ಪಾಠ ಹೇಳಿದ್ದ ಮೇಷ್ಟ್ರು ಮತ್ತೆ ವಿದ್ಯಾರ್ಥಿಯಾದರು. ಆಕ್ಸ್‌ಫರ್ಡಿನ ಕಲಿಕೆಯ ರೀತಿಯೇ ಬೇರೆ. ವಿದ್ಯಾರ್ಥಿ ತಾನೇ ಪ್ರಬಂಧ ಬರೆದು ಗುರುವಿನ ಎದುರು ಕುಳಿತು ಓದಬೇಕು, ಗುರು ಕೇಳುವ ಪ್ರಶ್ನೆಗಳಿಗೆ ಉತ್ತರಿಸಬೇಕು. ನಮಗೆ ಹಳಗನ್ನಡ ಹೇಗೋ ಹಾಗೆ ಅವರ ಹಳೆಯ ಇಂಗ್ಲಿಷನ್ನೂ ಕಲಿಯಬೇಕು. ಪರಭಾಷೆಯವರಿಗೆ ಇದು ಸುಲಭದ ಮಾತಲ್ಲ. ಗೋಕಾಕರು ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆಯ ಆನರ್ಸ್ ಪಡೆದು 1938ರಲ್ಲಿ ಮರಳಿದರು. ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನ ಪ್ರಿನ್ಸಿಪಾಲರಾದರು.

ಪದವಿಯ ಜೊತೆಗೆ ಅವರು ಕನ್ನಡಕ್ಕೂ ಬುತ್ತಿ ಕಟ್ಟಿಕೊಂಡು ಬಂದಿದ್ದರು. ಕಡಲಿಲ್ಲದ ಸೀಮೆಯಲ್ಲಿ ಬೆಳೆದವರಿಗೆ ಹಡಗಿನ ಪ್ರಯಾಣವೇ ಕಾವ್ಯವಾಯಿತು. 1940ರಲ್ಲಿ ಬಂದ ‘ಸಮುದ್ರ ಗೀತೆಗಳು’ ಕನ್ನಡಕ್ಕೆ ಹೊಸ ಛಂದಸ್ಸಿನ ರುಚಿ ತೋರಿಸಿತು. ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವನ್ನೂ ಬರೆದರು.

ಮುಂದೆ ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಇಂಗ್ಲಿಷಿನಲ್ಲಿ ಇಷ್ಟು ಎತ್ತರಕ್ಕೇರಿದವರ ಮುಂದೆ 1980ರಲ್ಲಿ ದೊಡ್ಡ ಪ್ರಶ್ನೆಯೊಂದು ಬಂತು. ಆಗ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆಯ್ದುಕೊಂಡವರು ಕನ್ನಡ ಓದದೆಯೇ ಎಸ್.ಎಸ್.ಎಲ್.ಸಿ. ಮುಗಿಸಬಹುದಿತ್ತು. ಇದನ್ನು ಪರಿಶೀಲಿಸಲು ಸರ್ಕಾರ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1981ರ ಆರಂಭದಲ್ಲಿ ಕೊಟ್ಟ ವರದಿಯಲ್ಲಿ ಸಮಿತಿಯು ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂದು ಶಿಫಾರಸು ಮಾಡಿತು. ಅದರ ಜಾರಿಗಾಗಿ ನಡೆದ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಊರೂರು ತಿರುಗಿದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ಉಳಿದ ವಿಷಯಗಳಿಗೆ 100 ಅಂಕವಿದ್ದಾಗ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕದ ಪ್ರಶ್ನೆಪತ್ರಿಕೆ ಬರೆದ ನೆನಪು ನಮ್ಮ ಅನೇಕ ಹಳೆಯ ವಿದ್ಯಾರ್ಥಿಗಳಿಗಿದೆ.

‘ಭಾರತ ಸಿಂಧು ರಶ್ಮಿ’ ಮಹಾಕಾವ್ಯದ ಕವಿಗೆ 1990ರ ಜ್ಞಾನಪೀಠ ಪ್ರಶಸ್ತಿ ಸಂದಿತು. 1992ರ ಏಪ್ರಿಲ್ 28ರಂದು ಅವರು ತೀರಿಕೊಂಡರು.

ಇಂಗ್ಲಿಷ್ ಕಲಿಯಲು ಕನ್ನಡ ಬಿಡಬೇಕಿಲ್ಲ, ಕನ್ನಡವನ್ನು ಪ್ರೀತಿಸಲು ಇಂಗ್ಲಿಷಿಗೆ ಹೆದರಬೇಕಿಲ್ಲ. ನಮ್ಮ ಶಾಲೆಯಿಂದ ನಾಳೆ ಯಾವ ಮಗ ಅಥವಾ ಮಗಳು ಕಡಲು ದಾಟಿ ಸಾಹಿತ್ಯವನ್ನೋ ಇತಿಹಾಸವನ್ನೋ ಓದಲು ಹೊರಟರೂ, ಗೋಕಾಕರಂತೆ ಮರಳಿ ಊರಿಗೆ ಬುತ್ತಿ ತರಲಿ.