ಗಂಗಾಮೂಲದಲ್ಲಿ ಹುಟ್ಟಿದ ಪಂಡಿತೆ

ಕಾರ್ಕಳದ ಬಳಿಯ ಮಾಳ ಎಂಬ ಊರನ್ನು ನಾನು ಚಿಕ್ಕಂದಿನಿಂದ ಬಲ್ಲೆ. ಪಂಡಿತಾ ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಆ ಊರಿನವರೆಂಬುದು ಮಾತ್ರ ಬಹುಕಾಲ ನನಗೆ ತಿಳಿದಿರಲಿಲ್ಲ. ಒಮ್ಮೆ ಮನೆಯಲ್ಲಿ ಆಕೆಯ ಹೆಸರೆತ್ತಿದಾಗ, ಮತ ಬಿಟ್ಟವಳು ಎಂದು ಹೇಳಿ ಹಿರಿಯರು ಮಾತನ್ನು ಅಲ್ಲಿಗೇ ಮುಗಿಸಿದರು. ಅದೇ ಮನೆಯಲ್ಲಿ, ಎರಡು ತಲೆಮಾರಿನ ಹಿಂದೆ, ಎಳವೆಯಲ್ಲೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಅಡಿಗೆಮನೆಯ ಹೊಗೆಯಲ್ಲೇ ಮುದುಕಿಯಾದ ದೊಡ್ಡಜ್ಜಿಯೊಬ್ಬರಿದ್ದರು. ಅವರ ವಿಷಯಕ್ಕೂ ಯಾರೂ ಹೆಚ್ಚು ಮಾತನಾಡುತ್ತಿರಲಿಲ್ಲ. ಈ ಎರಡು ಮೌನಗಳಿಗೂ ಸಂಬಂಧವುಂಟೆಂದು ನನಗೆ ಹೊಳೆದದ್ದು ರಮಾಬಾಯಿಯವರ ಚರಿತ್ರೆಯನ್ನು ಓದಿದ ಮೇಲೆ.

ಅನಂತಶಾಸ್ತ್ರಿಗಳು ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಅದೇ ಅಪರಾಧವೆನಿಸಿ, ಉಡುಪಿಯ ಪಂಡಿತರ ಸಭೆಯಲ್ಲಿ ಶಾಸ್ತ್ರಾಧಾರ ತೋರಿಸಿ ಸಮರ್ಥಿಸಿಕೊಳ್ಳಬೇಕಾಯಿತು. ಮುಂದೆ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ಶಿಷ್ಯರಿಗೆ ಪಾಠ ಹೇಳುತ್ತಿದ್ದರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲಿಯೇ. ಮಗುವಿಗೆ ಆರು ತಿಂಗಳಾದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಘಟ್ಟ ಇಳಿಸಿದರು. ಪುರಾಣ ಹೇಳುತ್ತ ಊರೂರು ಅಲೆದ ಆ ಸಂಸಾರ 1870ರ ದಶಕದ ಬರಗಾಲಕ್ಕೆ ಸಿಕ್ಕಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಉಳಿದ ಅಣ್ಣ ತಂಗಿಯರು ಬಹುಪಾಲು ಕಾಲ್ನಡಿಗೆಯಲ್ಲೇ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ಶ್ರೀನಿವಾಸನೂ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಮದುವೆಯಾಯಿತು. 1882ರಲ್ಲಿ ಅವರು ಕಾಲರಾದಿಂದ ಮಡಿದರು. ಕಂಕುಳಲ್ಲಿ ಹಸುಗೂಸು ಮನೋರಮೆ.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಆ ಸೆಪ್ಟೆಂಬರಿನಲ್ಲಿ ಮಗಳೊಡನೆ ಕ್ರೈಸ್ತಮತ ಸ್ವೀಕರಿಸಿದರು. ಪುಣೆಯಲ್ಲಿ ದೊಡ್ಡ ಕೋಲಾಹಲವೆದ್ದಿತು. ಆದರೆ ಹೇಳಿದ್ದಕ್ಕೆಲ್ಲ ತಲೆದೂಗುವ ಸ್ವಭಾವ ಆಕೆಯದಾಗಿರಲಿಲ್ಲ. ವಾಂಟೇಜ್ ಮಠದಲ್ಲಿ ಸಸ್ಯಾಹಾರವನ್ನು ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಏಕೆ, ಸಂಸ್ಕೃತ ಏಕಾಗದು ಎಂದು ವಾದಿಸಿದರು. ಉಡುಪಿಯ ಸಭೆಯಲ್ಲಿ ನಿಂತ ತಂದೆಯ ಮಗಳಲ್ಲವೇ!

ಅಮೆರಿಕದಲ್ಲಿ ಹಣ ಕೂಡಿಸಿ ಬಂದು, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಅಲ್ಲಿ ಸೇರಿದ ಮೊದಲ ವಿಧವೆ ಗೋದೂಬಾಯಿಯೇ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದ ಆನಂದೀಬಾಯಿ. ಮರುವರ್ಷ ಸದನ ಪುಣೆಗೆ ಬಂತು. ಮತಬೋಧೆ ಇಲ್ಲವೆಂಬುದು ಕರಾರು. ರಮಾಬಾಯಿ ಮಾತ್ರ ತಮ್ಮ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುತ್ತಿದ್ದರು. ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ರಾನಡೆ, ಭಂಡಾರಕರರಂಥ ಹಿತೈಷಿಗಳೇ ಸಲಹಾ ಸಮಿತಿಯನ್ನು ಬಿಟ್ಟರು. ಎಷ್ಟೋ ಪೋಷಕರು ಹುಡುಗಿಯರನ್ನು ಕರೆದೊಯ್ದರು. ಅವರ ಶಂಕೆ ನಿರಾಧಾರವಾಗಿತ್ತೆಂದು ನಾನು ಹೇಳಲಾರೆ. ತೆರೆದ ಬಾಗಿಲೂ ಒಂದು ಕರೆಯೇ. ಆದರೆ ಆ ಹುಡುಗಿಯರು ಮರಳಿದ್ದೆಲ್ಲಿಗೆ? ನಮ್ಮ ದೊಡ್ಡಜ್ಜಿ ಇದ್ದಂಥ ಅಡಿಗೆಮನೆಗಳಿಗೆ. ಪುಣೆಯಲ್ಲಿ ಕರ್ವೆಯವರು ವಿಧವೆಯರಿಗೆ ಆಶ್ರಯ ಕಲ್ಪಿಸಿದ್ದು 1896ರಲ್ಲಿ.

ಅದೇ ವರ್ಷ ಮಧ್ಯಪ್ರಾಂತಕ್ಕೆ ಬರ ಬಂತು. ಹಸಿವನ್ನು ಪುಸ್ತಕದಿಂದ ತಿಳಿದವರಲ್ಲ ರಮಾಬಾಯಿ. ತಾವೇ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯ ಆಚೆ ಕೇಡಗಾಂವದ ಹೊಲದಲ್ಲಿ ನೆಲೆಗೊಳಿಸಿದರು. ಅದೇ ಮುಕ್ತಿ ಸದನ. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿಯ ಸಂಖ್ಯೆ ಸಾವಿರವನ್ನು ಮೀರಿತ್ತು. ಕುರುಡಿಯರಿಗೂ ಅಲ್ಲಿ ಪಾಠ, ಕೆಲಸ. 1912ರಲ್ಲಿ ಗುಲ್ಬರ್ಗದಲ್ಲಿಯೂ ಒಂದು ಶಾಲೆ ತೆರೆದು ಮನೋರಮೆಗೆ ವಹಿಸಿದರು. ಕನ್ನಡನಾಡಿನ ಋಣ ಹೀಗೂ ತೀರಿತು.

ಕೊನೆಯ ವರ್ಷಗಳನ್ನು ಆಕೆ ಬೈಬಲಿನ ಮರಾಠಿ ಅನುವಾದಕ್ಕೆ ಕೊಟ್ಟರು. ಸಂಸ್ಕೃತಭೂಯಿಷ್ಠವಾದ ಹಳೆಯ ಅನುವಾದ ಹಳ್ಳಿಯ ಹೆಂಗಸರಿಗೆ ತಿಳಿಯದೆಂದು, ಇಳಿವಯಸ್ಸಿನಲ್ಲಿ ಹೀಬ್ರೂ, ಗ್ರೀಕ್ ಕಲಿತು ಮೂಲದಿಂದಲೇ ತಂದರು. 1921ರ ಜುಲೈಯಲ್ಲಿ ಮನೋರಮೆ ತಾಯಿಗಿಂತ ಮೊದಲೇ ಕಣ್ಮುಚ್ಚಿದರು. ಕೆಲಸ ನಿಲ್ಲಲಿಲ್ಲ. ಅದನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು. ಗ್ರಂಥ ಪೂರ್ಣವಾಗಿ ಹೊರಬಂದದ್ದು 1924ರಲ್ಲಿ. ಅದರ ಅಚ್ಚುಮೊಳೆಗಳನ್ನು ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ.